ಬಿರುಕಿಗೆ ಯಾವ ಬಣ್ಣ?

2022ರ ಜೂನ್ 23, ಗುರುವಾರ. ಬೆಳಗಿನ ಜಾವ 4 ಗಂಟೆ 37 ನಿಮಿಷಕ್ಕೆ ನಮ್ಮ ಹಾಸನ ಜಿಲ್ಲೆಯ ನೆಲ ನಡುಗಿತು. ರಿಕ್ಟರ್ ಮಾಪಕದಲ್ಲಿ 3.4. ಕೇಂದ್ರಬಿಂದು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಬಳಿ. ಅರಕಲಗೂಡು ಕಡೆಯಲ್ಲೂ, ಪಕ್ಕದ ಕೊಡಗು, ಮೈಸೂರು ಜಿಲ್ಲೆಗಳ ಕೆಲವು ಊರುಗಳಲ್ಲೂ ಜನರಿಗೆ ಅದು ಗೊತ್ತಾಯಿತು. ನಮ್ಮ ಮೊಹಲ್ಲಾದಲ್ಲಿ ಫಜ್ರ್ ನಮಾಜಿಗೆಂದು ವುಜೂ ಮಾಡುತ್ತಿದ್ದ ಹಿರಿಯರು ನಲ್ಲಿ ತೆರೆದೇ ಬಿಟ್ಟು ಬೀದಿಗೆ ಬಂದಿದ್ದರು. ಅದರ ಹಿಂದಿನ ತಿಂಗಳಷ್ಟೇ ಫಜ್ರ್ ಅಜಾನಿಗೆ ಮೈಕು ನಿಂತಿತ್ತು; ಅಂದು ಮೊಹಲ್ಲಾವನ್ನು ಎಬ್ಬಿಸಿದ್ದು ಅಟ್ಟದ ಮೇಲಿನ ಪಾತ್ರೆಗಳ ಸದ್ದು. "ಝಲ್‌ಝಲಾ, ಝಲ್‌ಝಲಾ" ಎನ್ನುತ್ತ ಒಬ್ಬ ಅಜ್ಜಿ ಹೊಸಿಲಿನ ಹೊರಗೆ ಕೂತುಬಿಟ್ಟರು. ಎದುರು ಮನೆಯ ಗೌಡರ ಸೊಸೆಗೆ ಆ ಪದದ ಅರ್ಥ ಗೊತ್ತಿರಲಿಲ್ಲ. ಆದರೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಅವರ ಪಕ್ಕದಲ್ಲೇ ನಿಂತರು.

ಎಂಟು ಗಂಟೆಯ ಹೊತ್ತಿಗೆ ಟಿ.ವಿ.ಯಲ್ಲಿ ಸುದ್ದಿ ಬಂತು. ಹಾನಿ ಆಗಿಲ್ಲ, ಹೆದರಬೇಕಾಗಿಲ್ಲ, ಇದು ಸಣ್ಣ ಕಂಪನ ಎಂದು ತಿಳಿದವರು ಹೇಳಿದರು. ಅದು ಸರಿಯಾದ ಮಾತೇ. ಅದನ್ನು ಅಲ್ಲಗಳೆಯಲು ನಾವು ಇಲ್ಲಿ ಹೊರಟಿಲ್ಲ. ನಮ್ಮ ತಕರಾರು ಬೇರೆ. ಹಾನಿ ಆಗಿಲ್ಲ ಎನ್ನುವುದು ಯಾವ ಯಾವ ಗೋಡೆಯನ್ನು ನೋಡಿ ಹೇಳಿದ ಮಾತು?

ಆ ತಿಂಗಳು ನಾವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಊರು ತಿರುಗಿದೆವು. ಒಂದು ಮದುವೆ, ಒಂದು ಸಾವು, ಒಂದು ಜಮೀನಿನ ಪಹಣಿ. ಕಥೆ ಬರೆಯುವವರಿಗೆ ತಿರುಗಲು ನೆಪಗಳಿಗೇನು ಬರ? ಹೋದಲ್ಲೆಲ್ಲ ಗೋಡೆ ನೋಡುವುದು ಚಟವಾಯಿತು. ಹಳೆಯ ಚುನಾವಣೆಗಳ ಮಾಸಿದ ಚಿಹ್ನೆಗಳು, ಬೋರ್‌ವೆಲ್ ಕೊರೆಯುವವರ ಫೋನ್ ನಂಬರು, ಮೂಲವ್ಯಾಧಿಗೆ ಶಾಶ್ವತ ಪರಿಹಾರ, ಸಿಮೆಂಟ್ ಕಂಪನಿಯ ಆನೆ ಕುದುರೆಗಳು, ಅಭಿಮಾನಿಗಳ ಸಂಘದ ಹುಟ್ಟುಹಬ್ಬದ ಶುಭಾಶಯ. ರಸ್ತೆ ಅಗಲ ಮಾಡುತ್ತಾರೆಂಬ ಕಡೆ ಅಂಗಡಿಗಳ ಹಣೆಯ ಮೇಲೆ ಎಳೆದ ಕೆಂಪು ಗೆರೆ, ಅದರ ಪಕ್ಕದಲ್ಲಿ ಇಷ್ಟು ಅಡಿ ಹೋಗುತ್ತದೆ ಎಂಬ ಅಂಕಿ. ಎಲ್ಲ ಇತ್ತು. ಇಂಥ ದಿನ, ಇಂಥವರು, ಈ ಗೋಡೆಯನ್ನು ಪರೀಕ್ಷಿಸಿದ್ದೇವೆ ಎಂಬ ಒಂದು ಸಾಲು ಮಾತ್ರ ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಒಡೆಯುವುದಕ್ಕೆ ಗುರುತು ಹಾಕುವ ಬಣ್ಣ ನಮ್ಮಲ್ಲಿದೆ. ಉಳಿಸುವುದಕ್ಕೆ ಗುರುತು ಹಾಕುವ ಬಣ್ಣ ಇಲ್ಲ.

ಮನೆ ಮನೆಗೆ ಹೋಗಿ ಗುರುತು ಹಾಕುವುದು ಆಗುವ ಹೋಗುವ ಮಾತಲ್ಲ ಎನ್ನುವವರಿದ್ದಾರೆ. ಅವರಿಗೆ ಪಲ್ಸ್ ಪೋಲಿಯೊ ನೆನಪಿಸಬೇಕು. ಈ ದೇಶದಲ್ಲಿ ಮನೆ ಮನೆಗೆ ಹೋಗಿ ಹನಿ ಹಾಕಿದ ಸುತ್ತುಗಳಲ್ಲಿ ಕಾರ್ಯಕರ್ತೆಯರು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಬರೆದು ಹೋದರು. ಮನೆ ಸಂಖ್ಯೆ, ತಾರೀಖು, ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ 'ಪಿ', ಯಾವುದಾದರೂ ಮಗು ಬಿಟ್ಟುಹೋಗಿದ್ದರೆ ಇಂಟು ಮಾರ್ಕು. ಇಂಟು ಮಾರ್ಕು ಬಿದ್ದ ಮನೆಗೆ ಮತ್ತೆ ಬರಬೇಕು ಎಂದು ಅದರ ಅರ್ಥ. ನಮ್ಮ ಕೆಲವು ಮೊಹಲ್ಲಾಗಳಲ್ಲಿ ಆಗ ಬಾಗಿಲು ಹಾಕಿಕೊಂಡವರೂ ಇದ್ದರು, ಅದನ್ನು ಮುಚ್ಚಿಡುವುದೇಕೆ? ಆ ಹೆಣ್ಣುಮಕ್ಕಳು ಬೈಸಿಕೊಂಡರು, ಮತ್ತೆ ಬಂದರು. 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಒಂದು ಪ್ರಕರಣವೂ ಕಂಡುಬರಲಿಲ್ಲ. 2014ರಲ್ಲಿ ಪ್ರಮಾಣಪತ್ರವೂ ಸಿಕ್ಕಿತು. ಒಂದು ಸೀಮೆಸುಣ್ಣದ ತುಂಡಿಗೆ ಇಷ್ಟು ಕೆಲಸ ಗೊತ್ತಿದೆ ಎಂದಾದರೆ, ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಗೋಡೆಗಳನ್ನಾದರೂ ನೋಡಿ ಬರೆದುಹೋಗಲು ಏನು ಅಡ್ಡಿ?

ನೆಲ ನಡುಗುವುದನ್ನು ಬದುಕಿನ ಭಾಗ ಮಾಡಿಕೊಂಡ ದೇಶಗಳಲ್ಲಿ ಇದಕ್ಕೊಂದು ಭಾಷೆಯೇ ಇದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಎಂದರೆ ನಮ್ಮ ಓದುಗರಿಗೆ 2019ರ ಮಾರ್ಚ್ 15ರ ಜುಮಾ ನೆನಪಾಗುತ್ತದೆ. ಎರಡು ಮಸೀದಿಗಳಲ್ಲಿ 51 ಜನ ಹತರಾದ ದಿನ. ಆದರೆ ಆ ಊರು ಅದಕ್ಕಿಂತ ಮೊದಲೇ ಒಮ್ಮೆ ಬಿದ್ದು ಎದ್ದ ಊರು. 2010ರ ಸೆಪ್ಟೆಂಬರ್ 4ರಂದು ಅಲ್ಲಿ 7.1 ತೀವ್ರತೆಯ ಭೂಕಂಪವಾಯಿತು, ಸಾವುಗಳು ಆಗಲಿಲ್ಲವೆಂದೇ ಎಲ್ಲರೂ ನಿಟ್ಟುಸಿರುಬಿಟ್ಟರು. 2011ರ ಫೆಬ್ರವರಿ 22ರಂದು 6.3ರದ್ದು ಊರಿನ ಕಾಲಬುಡದಲ್ಲೇ ಆಯಿತು. 185 ಜನ ತೀರಿಕೊಂಡರು. ರಕ್ಷಣಾ ತಂಡಗಳು ಕಟ್ಟಡ ಕಟ್ಟಡಕ್ಕೂ ಹೋಗಿ ಗೋಡೆಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೆದವು. ಇಂಥ ಗುರುತುಗಳಲ್ಲಿ ಒಂದು ಲೆಕ್ಕವಿರುತ್ತದೆ: ಯಾವ ತಂಡ ಬಂತು, ಯಾವ ದಿನ, ಒಳಗೆ ಏನು ಅಪಾಯ, ಬದುಕಿದ್ದವರು ಎಷ್ಟು, ಸತ್ತವರು ಎಷ್ಟು. ಹಿಂದೆ ಬರುವ ತಂಡ ಅದನ್ನು ಓದಿ ಮುಂದಿನ ಮನೆಗೆ ಹೋಗುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಚಂಡಮಾರುತದ ನಂತರ ಬಿದ್ದ ಇಂಥವೇ ಗುರುತುಗಳನ್ನು ಕೆಲವರು ವರ್ಷಗಟ್ಟಲೆ ಅಳಿಸದೆ ಉಳಿಸಿಕೊಂಡರು.

ಇದರ ಜೊತೆಗೆ ಬಾಗಿಲಿಗೆ ಅಂಟಿಸುವ ಮೂರು ಬಣ್ಣದ ಚೀಟಿ: ಕೆಂಪು ಎಂದರೆ ಒಳಗೆ ಹೋಗಬೇಡಿ, ಹಳದಿ ಎಂದರೆ ಎಚ್ಚರಿಕೆಯಿಂದ ಸ್ವಲ್ಪ ಹೊತ್ತು, ಹಸಿರು ಎಂದರೆ ನೋಡಲಾಗಿದೆ. ಗಮನಿಸಿ, ಹಸಿರು ಎಂದರೆ ಸುರಕ್ಷಿತ ಎಂದಲ್ಲ. ಆ ಊರಿನವರು ಅದನ್ನು ಬಹಳ ದೊಡ್ಡ ಬೆಲೆ ಕೊಟ್ಟು ಕಲಿತರು. ಸಿ.ಟಿ.ವಿ. ಕಟ್ಟಡ ಎಂಬ ಆರಂತಸ್ತಿನ ಕಟ್ಟಡಕ್ಕೆ ಸೆಪ್ಟೆಂಬರ್ ಭೂಕಂಪದ ನಂತರ ಹಸಿರು ಚೀಟಿ ಬಿದ್ದಿತ್ತು. ಫೆಬ್ರವರಿಯಲ್ಲಿ ಅದೇ ಕಟ್ಟಡ ಕುಸಿದು 115 ಜನ ಸತ್ತರು. ಮುಂದೆ ವಿಚಾರಣಾ ಆಯೋಗ ಕೂತಿತು. ಕಟ್ಟಡದ ವಿನ್ಯಾಸವೇ ದೋಷದ್ದು ಎಂಬುದು ಹೊರಬಂತು. ಹಸಿರು ಚೀಟಿ ಯಾರು, ಹೇಗೆ ಕೊಟ್ಟರು ಎಂಬ ಪ್ರಶ್ನೆಯೂ ಬಯಲಿಗೆ ಬಂತು. ಗೋಡೆಯ ಮೇಲಿನ ಗುರುತಿಗೆ ಕೇಳುವ ಹೇಳುವ ದಿಕ್ಕೊಂದು ಇತ್ತು, ಆದ್ದರಿಂದಲೇ ಆ ಸುಳ್ಳನ್ನು ಹಿಡಿಯಲು ಸಾಧ್ಯವಾಯಿತು. ಗುರುತೇ ಇಲ್ಲದ ಕಡೆ ಸುಳ್ಳು ಹೇಳಿದವರನ್ನು ಹುಡುಕುವುದು ಎಲ್ಲಿ?

ಅಲ್ಲಿ ಕಲಾವಿದರು ಬಂದದ್ದು ಇದೆಲ್ಲ ಆದ ಮೇಲೆ. ಊರ ನಡುವಿನ ನೂರಾರು ಕಟ್ಟಡಗಳನ್ನು ಕೆಡವಿದಾಗ ಪಕ್ಕದ ಕಟ್ಟಡಗಳ ಬೋಳು ಬೆನ್ನುಗೋಡೆಗಳು ಬಯಲಾದವು. 2013ರ ಕೊನೆಯಿಂದ ಅವುಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳು ಬಂದವು. ಐಸಾಕ್ ಥಿಯೇಟರ್ ರಾಯಲ್ ನಾಟಕಮಂದಿರದ ಹಿಂಗೋಡೆಯ ಮೇಲೆ ಓವನ್ ಡಿಪ್ಪಿ ಬರೆದ ಬ್ಯಾಲೆ ನರ್ತಕಿ ಪ್ರಸಿದ್ಧಳಾದಳು. ಆಮೇಲೆ ಮುಂದಿನ ಖಾಲಿ ನಿವೇಶನದಲ್ಲಿ ಹೊಸ ಕಟ್ಟಡ ಎದ್ದು ಅವಳು ಮರೆಯಾದಳು. ಅದರಲ್ಲಿ ದುಃಖಪಡುವಂಥದ್ದೇನಿಲ್ಲ. ಊರು ಮತ್ತೆ ಕಟ್ಟಿಕೊಂಡಿತು ಎಂದೇ ಅದರ ಅರ್ಥ. ಮೊದಲು ಸತ್ಯ ಬರೆದರು, ಆಮೇಲೆ ಚಿತ್ರ ಬರೆದರು ಎಂಬ ಕ್ರಮ ಮುಖ್ಯ.

ನಮ್ಮಲ್ಲಿ ಈ ಕ್ರಮ ಗೊತ್ತಿದ್ದ ಒಬ್ಬ ಕಲಾವಿದರಿದ್ದಾರೆ, ಮೈಸೂರಿನ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಯ ದೊಡ್ಡ ಗುಂಡಿಯನ್ನು ಹಸಿರು ಕೊಳವಾಗಿಸಿ ಅದರಲ್ಲೊಂದು ಮೊಸಳೆಯನ್ನು ಇಟ್ಟರು. ನಗರಪಾಲಿಕೆಯವರು ಓಡೋಡಿ ಬಂದು ಗುಂಡಿ ಮುಚ್ಚಿದರು. 2019ರಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ಹಾಳು ರಸ್ತೆಯ ಮೇಲೆ ಚಂದ್ರನ ನೆಲದಲ್ಲೆಂಬಂತೆ ನಡೆಸಿದರು. ಬಣ್ಣ ಅಲ್ಲಿ ಒಡಕನ್ನು ಮುಚ್ಚಲಿಲ್ಲ, ತೋರಿಸಿತು. ನಮ್ಮ ಸರಕಾರಿ ಶಾಲೆಗಳ ಗೋಡೆಯ ಮೇಲೆ ಬರುವ ರೈಲು ಬೋಗಿಗಳ ಬಗ್ಗೆ ಹೀಗೆ ಹೇಳಲು ಬಾಯಿ ಬರುವುದಿಲ್ಲ. ಮಕ್ಕಳಿಗೆ ರೈಲು ಇಷ್ಟ, ನಿಜ. ಬಣ್ಣ ಬಳಿಸುವ ಮೇಷ್ಟ್ರುಗಳ ಉತ್ಸಾಹವೂ ದಾನಿಗಳ ಹೃದಯವೂ ದೊಡ್ಡದು, ಒಪ್ಪಿದೆವು. ಆದರೆ ಮೊದಲ ಬೋಗಿ ಮತ್ತು ಎರಡನೆಯ ಬೋಗಿಯ ನಡುವೆ ಮೇಲಿಂದ ಕೆಳಕ್ಕೆ ಓಡುವ ಬಿರುಕಿಗೆ ಪುಟ್ಟಿ ತುಂಬಿ, ಅದರ ಮೇಲೆ ಕಪ್ಪು ಬಣ್ಣದ ಕೊಂಡಿ ಬರೆದಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಬಣ್ಣದ ವಿಷಯಕ್ಕೆ ಜಗಳವಾಡುವುದರಲ್ಲಿ ಮಾತ್ರ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಹೊಳೆನರಸೀಪುರದ ನೆಲ ನಡುಗಿದ ಅದೇ ವರ್ಷದ ನವೆಂಬರಿನಲ್ಲಿ 'ವಿವೇಕ' ಎಂಬ ಹೆಸರಿನಲ್ಲಿ 7,601 ಶಾಲಾ ಕೊಠಡಿಗಳನ್ನು ಕಟ್ಟುವ ಯೋಜನೆ ಬಂತು. ಕೊಠಡಿ ಬೇಕೇಬೇಕಿತ್ತು. ಆದರೆ ನಾಡು ಚರ್ಚಿಸಿದ್ದೇನು? ಅವುಗಳಿಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಎಂದು. ಅಂದಿನ ಶಿಕ್ಷಣ ಸಚಿವರು, ಮುಖ್ಯಮಂತ್ರಿಗಳು, ವಿರೋಧ ಪಕ್ಷದವರು, ಟಿ.ವಿ. ನಿರೂಪಕರು ಎಲ್ಲರೂ ವಾರಗಟ್ಟಲೆ ಬಣ್ಣದ ಮಾತಾಡಿದರು. ಹಳೆಯ ಕೊಠಡಿಗಳ ಬಿರುಕಿನ ಮಾತು ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ. ಅದೇ ತಿಂಗಳು ಮೈಸೂರಿನ ಊಟಿ ರಸ್ತೆಯ ಬಸ್ ತಂಗುದಾಣದ ಗುಮ್ಮಟಗಳು ಮಸೀದಿಯಂತೆ ಕಾಣುತ್ತವೆ ಎಂದು ಸಂಸದರು ಗುಡುಗಿದರು. ಎರಡು ಸಣ್ಣ ಗುಮ್ಮಟ ಕಿತ್ತು, ನಡುವಿನ ದೊಡ್ಡದಕ್ಕೆ ಕೆಂಪು ಬಳಿದರು. ಬಸ್ಸು ಕಾಯುವವರ ತಲೆಯ ಮೇಲಿನ ಸೂರು ಗಟ್ಟಿಯಿದೆಯೇ ಎಂದು ಕೇಳುವವರು ಯಾರೂ ಇರಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನು ಇದಕ್ಕಿಂತಲೂ ಹೆಚ್ಚು ಕಾಡಿದೆ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ನೆಲವೇ ಕುಸಿಯತೊಡಗಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟಿತು. ಆಡಳಿತದವರು ಮನೆ ಮನೆ ನೋಡಿ, ವಾಸಕ್ಕೆ ಯೋಗ್ಯವಲ್ಲದವುಗಳ ಮೇಲೆ ಕೆಂಪು ಬಣ್ಣದ ಇಂಟು ಮಾರ್ಕು ಹಾಕಿದರು. ಆ ಗುರುತು ನೋಡಿ ಹೆಂಗಸರು ಗೋಡೆ ಹಿಡಿದುಕೊಂಡು ಅತ್ತದ್ದನ್ನು ದೇಶವೇ ನೋಡಿತು. ಮನೆ ಹೋಯಿತು, ಜೀವ ಉಳಿಯಿತು. ಅದೇ ರಾಜ್ಯದಲ್ಲಿ, ಅದೇ ವರ್ಷದ ಜೂನ್ ತಿಂಗಳಲ್ಲಿ, ಉತ್ತರಕಾಶಿ ಜಿಲ್ಲೆಯಲ್ಲಿ ಮುಸ್ಲಿಮರ ಅಂಗಡಿಗಳ ಬಾಗಿಲುಗಳ ಮೇಲೆ ಕಪ್ಪು ಬಣ್ಣದ ಇಂಟು ಮಾರ್ಕು ಬಿತ್ತು. ಇಂಥ ತಾರೀಖಿನೊಳಗೆ ಅಂಗಡಿ ಖಾಲಿ ಮಾಡಿ ಎಂಬ ಚೀಟಿಗಳೂ ಅಂಟಿದವು. ಎರಡೂ ಅಡ್ಡಡ್ಡ ಎಳೆದ ಎರಡೇ ಗೆರೆ. ಒಂದನ್ನು ಎಳೆದ ಕೈಗೆ ಒಳಗಿರುವವರ ಜೀವದ ಚಿಂತೆ. ಇನ್ನೊಂದನ್ನು ಎಳೆದ ಕೈಗೆ ಒಳಗಿರುವವರು ಯಾರು ಎಂಬುದರ ಚಿಂತೆ. ಗೋಡೆಯ ಮೇಲೆ ಗುರುತು ಎಂದೊಡನೆ ನಮ್ಮವರಿಗೆ ಎದೆ ನಡುಗುವುದು ಏಕೆ ಎಂದು ಕೇಳುವವರಿಗೆ ಇಷ್ಟು ಸಾಕು. ನಾವು ಕೇಳುತ್ತಿರುವ ಗುರುತಿಗೆ ದಿನಾಂಕ, ಹೆಸರು, ಸಹಿ ಮೂರೂ ಬೇಕು ಎನ್ನುವುದೂ ಈ ಕಾರಣಕ್ಕೇ. ದ್ವೇಷದ ಗುರುತು ಯಾವಾಗಲೂ ಅನಾಮಧೇಯವಾಗಿರುತ್ತದೆ.

ಹಾಗೆಂದು ನಮ್ಮ ಮನೆಯಂಗಳ ಚೊಕ್ಕಟವಾಗಿದೆಯೇ? 2024ರ ರಮಜಾನಿಗೆ ಮೊದಲು ನಮಗೆ ಗೊತ್ತಿರುವ ಒಂದು ಮಸೀದಿಯ ಜಮಾಅತ್ ಸಭೆಯಲ್ಲಿ ನಾವೂ ಕೂತಿದ್ದೆವು. ಮಿನಾರಿನ ಬುಡದಲ್ಲಿ ಬಿರುಕು ಕಾಣುತ್ತಿದೆ, ಎಂಜಿನಿಯರೊಬ್ಬರನ್ನು ಕರೆಸಿ ತೋರಿಸೋಣ ಎಂದೆವು. ಮುತವಲ್ಲಿ ಸಾಹೇಬರು ಸಮಾಧಾನದಿಂದಲೇ ಕೇಳಿಸಿಕೊಂಡರು. "ಇನ್ಷಾ ಅಲ್ಲಾಹ್, ಈದ್ ಆದ ಮೇಲೆ ನೋಡುವಾ ಭಾಯಿ" ಎಂದರು. ಆ ದಿನ ಮಂಜೂರಾದದ್ದು ವುಜೂಖಾನೆಗೆ ಟೈಲ್ಸು ಮತ್ತು ಮಿನಾರಿಗೆ ಹಸಿರು ಬಣ್ಣ. ಕೇಸರಿ ಬಳಿಯುವವರನ್ನು ಬೈಯುವ ನಾವು ಬಿರುಕಿನ ಮೇಲೆ ಹಸಿರು ಬಳಿದರೆ ಬಿರುಕು ಮುಸಲ್ಮಾನವಾಗುತ್ತದೆಯೇ? ದೇವಸ್ಥಾನದ ಸಮಿತಿಗಳಲ್ಲೂ ಇದೇ ಕಥೆ ಎಂದು ಗೆಳೆಯರು ಹೇಳುತ್ತಾರೆ. ಅದು ಅವರು ಬರೆಯಬೇಕಾದ ಲೇಖನ.

ಸಣ್ಣ ಕಂಪನಕ್ಕೆ ಇಷ್ಟು ರಾದ್ಧಾಂತವೇಕೆ ಎನ್ನುವವರಿಗೆ ಕಿಲ್ಲಾರಿಯ ನೆನಪಿದೆಯೇ? 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನ. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು, ನಮ್ಮ ಬೀದರ್, ಕಲಬುರಗಿಗಳಿಗೆ ಕೂಗಳತೆಯ ದೂರ. 6.2 ತೀವ್ರತೆ. ಹತ್ತು ಸಾವಿರದಷ್ಟು ಜನ ಸತ್ತರು. ಅವರನ್ನು ಕೊಂದದ್ದು ಅವರದೇ ಮನೆಯ ಗೋಡೆಗಳು. ಎರಡಡಿಗೂ ಮೀರಿದ ದಪ್ಪದ ಕಲ್ಲುಗೋಡೆ, ನಡುವೆ ಬರೀ ಮಣ್ಣು, ಒಳಮೈ ಹೊರಮೈಯನ್ನು ಹಿಡಿದು ಕಟ್ಟುವ ಉದ್ದ ಕಲ್ಲುಗಳಿಲ್ಲ, ಮೇಲೆ ಮಣ್ಣಿನ ಭಾರದ ಮಾಳಿಗೆ. ಇನ್ನೊಂದು ಮಾತು: ಆ ಕಾಲದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಜಾಗದಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದರು. ನಮ್ಮ ಹಾಸನ ಆ ನಕ್ಷೆಯಲ್ಲಿ ಎರಡನೆಯ ವಲಯದ್ದು. ಹೊಳೆನರಸೀಪುರದ 3.4ಕ್ಕೂ ಕಿಲ್ಲಾರಿಯ 6.2ಕ್ಕೂ ಹೊರಬಿದ್ದ ಶಕ್ತಿಯ ಲೆಕ್ಕದಲ್ಲಿ ಸುಮಾರು ಹದಿನಾರು ಸಾವಿರ ಪಟ್ಟು ಅಂತರವಿದೆ. ಹಾಗಾಗಿ ಯಾರೂ ರಾತ್ರಿ ಬಯಲಲ್ಲಿ ಮಲಗಬೇಕಾಗಿಲ್ಲ. ಆದರೆ ಮಳೆಗೆ ನೆನೆದು, ಬುಡ ಸವೆದು, ಮರದ ಬೇರು ತೂರಿದ ಗೋಡೆಗೆ ಬೀಳಲು ಭೂಕಂಪವೇ ಬೇಕೆಂದಿಲ್ಲ. ಭೂಕಂಪ ಒಂದು ನೆಪ. ಗೋಡೆಯನ್ನು ನೋಡಿ ಎಂದು ನೆಲವೇ ಒಮ್ಮೆ ಭುಜ ಅಲುಗಿಸಿತು.

ಹೆಸರು ಬರೆಯುವ ವಿಷಯದಲ್ಲಿ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಿ. 1246ರ ಲಕ್ಷ್ಮೀನರಸಿಂಹ ದೇವಾಲಯದ ಕಲ್ಲುಗಳ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಮಾಡಿದ ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಎಂಟುನೂರು ವರ್ಷಕ್ಕೆ ಹತ್ತಿರವಾಯಿತು, ಇದು ನನ್ನ ಕೈ ಕೆಲಸ ಎಂಬ ಆ ಮಾತು ಹಾಗೇ ಇದೆ. ಇವತ್ತಿನ ಶಾಲೆಯ ಗೋಡೆಗೆ ಅಂಟಿದ ಗ್ರಾನೈಟ್ ಫಲಕದಲ್ಲಿ ಉದ್ಘಾಟಿಸಿದ ಸಚಿವರು, ಅಧ್ಯಕ್ಷತೆ ವಹಿಸಿದ ಶಾಸಕರು, ಘನ ಉಪಸ್ಥಿತಿ ಎಂದು ಹದಿನೆಂಟು ಹೆಸರುಗಳಿರುತ್ತವೆ. ಗಾರೆ ಕಲಸಿದವರ ಹೆಸರು ಇರುವುದಿಲ್ಲ. ಅದು ಇರಲಿ ಎಂದರೆ, ಕೊನೆಯ ಸಲ ಪರೀಕ್ಷಿಸಿದವರ ಹೆಸರೂ ಇರುವುದಿಲ್ಲ. ಆ ಫಲಕದ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಿ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಸಂಬಂಧಪಟ್ಟ ಎಂಜಿನಿಯರು ಬಂದು ನೋಡಿ ತಾರೀಖು, ಹೆಸರು ಬರೆಯಲಿ. ಅದಕ್ಕೆ ಬೇಕಾದದ್ದು ಒಂದು ಡಬ್ಬಿ ಬಣ್ಣ, ಒಂದು ಕುಂಚ. ಮತ್ತು ಹೆಸರು ಹಾಕುವ ಧೈರ್ಯ.

ಇದನ್ನು ಬರೀ ಮಾತಿನಲ್ಲಿ ಹೇಳಿ ಕೂರಲು ಮನಸ್ಸಾಗಲಿಲ್ಲ. ನಾವು ನಾಲ್ಕನೆಯ ತರಗತಿಯವರೆಗೆ ಅಲಿಫ್ ಬೇ ಕಲಿತ ಉರ್ದು ಶಾಲೆಯೊಂದಿದೆ. ಐದಕ್ಕೆ ಕನ್ನಡ ಶಾಲೆಗೆ ಹೋದೆವು. ಉರ್ದು ಶಾಲೆಯ ಪೂರ್ವದ ಗೋಡೆಯಲ್ಲಿ ಕರಿಹಲಗೆಯ ಮೇಲಿಂದ ಸೂರಿನವರೆಗೆ ಒಂದು ಬಿರುಕಿದೆ. ನಾವು ಓದುವಾಗ ಕೂದಲೆಳೆಯಷ್ಟಿತ್ತು, ಈಗ ಬಳಪ ತೂರುತ್ತದೆ. ಅರಕಲಗೂಡಿನ ಕಡೆಯ ಒಬ್ಬ ಹಳೆಯ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆವು. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇವತ್ತು ಎಷ್ಟಗಲ ಅದೆ ಅಂತ ನೋಡುದ್ರೆ ಏನೂ ತಿಳಿಯಕಿಲ್ಲ ಸಾಬ್ರೇ. ಮೂರು ತಿಂಗ್ಳು ಬಿಟ್ಟು ಬೆಳೆದದಾ ಇಲ್ವಾ ಅಂತ ನೋಡ್ಬೇಕು. ಬೆಳೀದೆ ನಿಂತಿದ್ರೆ ಭಯ ಇಲ್ಲ, ಬೆಳೀತಿದ್ರೆ ಮಕ್ಕಳ್ನ ಆಚೆ ಕೂರ್ಸಿ" ಎಂದರು. ಬಿರುಕಿಗೆ ಅಡ್ಡಲಾಗಿ ಬಿಸ್ಕತ್ತಿನಷ್ಟಗಲದ ಸಿಮೆಂಟಿನ ಬಿಲ್ಲೆಗಳನ್ನು ಹಚ್ಚಿದರು. ಗೋಡೆ ಅಲುಗದಿದ್ದರೆ ಬಿಲ್ಲೆ ಹಾಗೇ ಇರುತ್ತದೆ. ಅಲುಗಿದರೆ ನಡುವೆ ಸೀಳುತ್ತದೆ. ಬಿರುಕಿನ ಎರಡು ತುದಿಗೂ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ 21-4-2024 ಎಂದು ಬರೆದೆವು. ಒಟ್ಟು ಏಳು ಬಿಲ್ಲೆ. ಮೇಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದರು. ಓದುಗರು ತಮ್ಮ ಮನೆ, ಮದರಸ, ಶಾದಿಮಹಲ್, ದೇವಸ್ಥಾನದ ಛತ್ರ ಎಲ್ಲೆಡೆ ಇದನ್ನು ಮಾಡಬಹುದು, ಅಪ್ಪಣೆಯೇನೂ ಬೇಕಾಗಿಲ್ಲ.

ಅಕ್ಟೋಬರಿನಲ್ಲಿ ದಸರಾ ರಜೆ ಮುಗಿದ ಮೇಲೆ ಹೋಗಿ ನೋಡಿದೆವು. ಐದು ಬಿಲ್ಲೆ ಸರಿಯಿದ್ದವು, ಮೇಲಿನ ಎರಡು ಸೀಳಿದ್ದವು. ಟೀಚರಮ್ಮ ಅಂದೇ ಆ ಕೋಣೆಯ ಮಕ್ಕಳನ್ನು ಜಗುಲಿಗೆ ಕರೆತಂದರು. ಫೋಟೋ ಸಮೇತ ಅರ್ಜಿ ಬರೆದು ಕಚೇರಿಗೆ ಕೊಟ್ಟೆವು, ಸ್ವೀಕೃತಿಯ ಮೊಹರೂ ಬಿತ್ತು. 2025ರ ಬೇಸಿಗೆ ರಜೆಯಲ್ಲಿ ಶಾಲೆಗೆ ಬಣ್ಣ ಬಂತು, ಒಳಗೂ ಹೊರಗೂ. ಹೊರಗೆ ನೀಲಿ ರೈಲು, ಕಿಟಕಿಗಳಲ್ಲಿ ನಗುವ ಮಕ್ಕಳು. ಒಳಗೆ ಪೂರ್ವದ ಗೋಡೆಯಲ್ಲಿ ನಮ್ಮ ಕೆಂಪು ಗೆರೆ, ತಾರೀಖು, ಬಿಲ್ಲೆಗಳ ಮೇಲೆಲ್ಲ ತಿಳಿ ಗುಲಾಬಿ. ಜೂನ್‌ನಲ್ಲಿ ಶಾಲೆ ತೆರೆದಾಗ ನಾವು ಹೋದೆವು. ಟೀಚರಮ್ಮ ಮೇಜಿನ ಮೇಲೆ ನಿಂತು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅಷ್ಟು ಜಾಗವನ್ನು ಉಜ್ಜುತ್ತಿದ್ದರು. ಮಕ್ಕಳು ಜಗುಲಿಯಲ್ಲಿ ಮಗ್ಗಿ ಹೇಳುತ್ತಿದ್ದರು.